ಮೂಕಮ್ಮನ ಹಿತ್ತಲಿನ ಪಾಲಪಿಟ್ಟ

ಹೆಸರಿಗೆ ಮೂಕಮ್ಮ. ಕುರುಗೋಡಿನ ಆ ಓಣಿಯಲ್ಲಿ ಅವಳ ಬಾಯಿಗೆ ಎದುರಾಗಿ ಗೆದ್ದವರನ್ನು ನಾನಂತೂ ಕಂಡಿಲ್ಲ. ಇಪ್ಪತ್ತೆರಡು ವರ್ಷ ಬೆಳಗಾದರೆ ಬಸ್ಸು ಹಿಡಿದು ಬಳ್ಳಾರಿಗೆ ಹೋಗಿ ಜೀನ್ಸ್ ಪ್ಯಾಂಟಿಗೆ ಜೇಬು ಹೊಲಿದವಳು. ಬರೀ ಜೇಬು. ಇಡೀ ಪ್ಯಾಂಟೊಂದನ್ನು ಹೊಲಿಯಲು ಅವಳ ಕೈಗೆ ಯಾರೂ ಕೊಡಲಿಲ್ಲ. ಗಂಡ ತೀರಿಕೊಂಡ, ಮೊಣಕಾಲು ಹಿಡಿದುಕೊಂಡಿತು, ಕೆಲಸ ಬಿಟ್ಟಳು. ಮರುದಿನ ಹಿತ್ತಲ ಮೆಟ್ಟಿಲ ಮೇಲೆ ಕೂತಾಗ, ಇನ್ನು ಮೇಲೆ ಏನು ಹೊಲಿಯಬೇಕೆಂದು ಹೇಳುವವರು ಯಾರೂ ಇಲ್ಲವೆಂಬುದು ಹೊಳೆದು ಒಬ್ಬಳೇ ನಕ್ಕಳಂತೆ.

ಅಂದಿನಿಂದ ಹಳೆ ಬಟ್ಟೆಯ ತುಂಡು ಜೋಡಿಸಿ ಕೌದಿ ಹೊಲಿಯಲು ಕೂತಳು. ಎಲ್ಲರ ಕೌದಿಯಲ್ಲಿ ಚೌಕ ಇರುತ್ತದೆ, ಇವಳದರಲ್ಲಿ ಹಕ್ಕಿ. ಮಳೆ ಹಿಂದಾಗಿ ಬಿಸಿಲು ಹದಕ್ಕೆ ಬರುವ ದಿನಗಳಲ್ಲಿ ಅವಳ ಹಿತ್ತಲಿಗೆ ಗುಬ್ಬಿ, ಬೆಳವ, ಕೆಂಬೂತ ಎಲ್ಲ ಬರುತ್ತವೆ. ಅಲ್ಲಿರುವುದು ಒಂದು ಜಾಲಿಮರ, ನಾಲ್ಕು ಬದನೆ ಗಿಡ, ಅಷ್ಟೆ. ಕಂಡದ್ದನ್ನು ಕಂಡ ಹಾಗೆ ಹೊಲಿಯುವುದು ಅವಳ ಹಟ. ಕೆಂಬೂತದ ಕಣ್ಣಿಗೆ ಕೆಂಪು ದಾರ ಸಿಗದೆ ಎಂಟು ದಿನ ಕೌದಿಯನ್ನು ಮಡಚಿಟ್ಟವಳು.

ಹೋದ ವರ್ಷ ದಸರಾ ಕಳೆದ ಮೇಲೆ ಪಾಲಪಿಟ್ಟ ಹೊಲಿದಳು. ನೀಲಕಂಠ ಹಕ್ಕಿಗೆ ಆ ಓಣಿಯವರು ತೆಲುಗಿನ ಹೆಸರನ್ನೇ ಹೇಳುವುದು. ಎರಡೂ ರೆಕ್ಕೆ ಬಿಚ್ಚಿದ ಹಕ್ಕಿ. ಸಾಲಿ ಹುಡುಗಿಯರ ಹಳೆಯ ಸಮವಸ್ತ್ರದ ಗಾಢ ನೀಲಿ, ಅದರ ಪಕ್ಕಕ್ಕೆ ತಿಳಿ ನೀಲಿ ಸೀರೆಯ ತುಂಡು. ಎದುರು ಮನೆಯ ಪಕ್ಕೀರಮ್ಮ ನೋಡಿ ಬಾಯಿಗೆ ಸೆರಗು ಹಿಡಿದಳು.

"ಪಾಲಪಿಟ್ಟ ಮಣ್ಣಿನ ಬಣ್ಣ ಇರ್ತೈತಿ ಯಕ್ಕಾ. ವರ್ಸಾ ದಸರಾಕ್ಕ ನೋಡಾಂಗಿಲ್ಲೇನು ನಾವು?"

ಅವಳದೂ ತಪ್ಪಲ್ಲ. ದಸರಾ ದಿನ ಬನ್ನಿ ಮುಡಿದ ಮೇಲೆ ಹೊತ್ತು ಮುಳುಗುವುದರೊಳಗೆ ಪಾಲಪಿಟ್ಟ ನೋಡಿದರೆ ವರ್ಷವೆಲ್ಲ ಒಳ್ಳೆಯದು ಎಂಬುದು ಆ ಓಣಿಯ ನಂಬಿಕೆ. ಮೊದಲು ಹೊಲಕ್ಕೆ ಹೋಗಿ, ದೂರದಲ್ಲಿ ಕೂತದ್ದನ್ನು ನೋಡಿ ಕೈ ಮುಗಿದು ಬರುತ್ತಿದ್ದರು. ಆಮೇಲೆ ಕಾಲಿಗೆ ಸೋಮಾರಿತನ ಬಂತು. ಓಣಿಯ ಹಿರಿಯ ಮರಿಬಸಪ್ಪ ಹಕ್ಕಿ ಹಿಡಿಸಿ, ಪಂಜರದಲ್ಲಿಟ್ಟು ಬನ್ನಿಮರದ ಬುಡಕ್ಕೇ ತರಿಸತೊಡಗಿದ. ಪಂಜರದ ಹಕ್ಕಿ ರೆಕ್ಕೆ ಮುಚ್ಚಿಕೊಂಡೇ ಇರುತ್ತದೆ. ಮುಚ್ಚಿದಾಗ ಅದು ಮಣ್ಣಿನ ಬಣ್ಣವೇ.

ಹೋದ ದಸರಾದಲ್ಲಿ ಆ ಪಂಜರಕ್ಕೆ ಮೂಕಮ್ಮನೂ ಕೈ ಮುಗಿದಿದ್ದಳು. ಮೂರನೆಯ ದಿನ "ಬಿಟ್ಟುಬಿಟ್ಟ" ಹಕ್ಕಿ ಗಟಾರದ ಪಕ್ಕ ಬಿದ್ದಿತ್ತು. ಎತ್ತಿ ನೋಡಿದರೆ ರೆಕ್ಕೆಗೆ ಕತ್ತರಿ ಆಡಿಸಿದ್ದರು. ಸತ್ತ ಹಕ್ಕಿಯ ರೆಕ್ಕೆಯನ್ನು ಬೆರಳಿನಿಂದ ಬಿಡಿಸಿದಾಗಲೇ ಅವಳು ಆ ನೀಲಿಯನ್ನು ಮೊದಲ ಸಲ ಕಂಡದ್ದು. ಪಂಜರಕ್ಕೆ ಮುಗಿದ ತನ್ನ ಕೈಯ ಮೇಲೆಯೇ ಅವಳಿಗೆ ಹೇಸಿಗೆಯಾಯಿತು.

ಈ ವರ್ಷ ಸುತ್ತ ಎಲ್ಲಿಯೂ ಪಾಲಪಿಟ್ಟ ಇಲ್ಲ, ಅವಳ ಹಿತ್ತಲಿನ ಜಾಲಿಯ ಒಣ ಟೊಂಗೆಯ ಮೇಲೊಂದು ಬಂದು ಕೂರುತ್ತದೆ. ದಸರಾಕ್ಕೆ ಎರಡು ದಿನ ಇರುವಾಗ ಮರಿಬಸಪ್ಪ ಬಾಗಿಲಿಗೆ ಬಂದ. ಹಿಂದೆ ಹಕ್ಕಿ ಹಿಡಿಯುವವನು, ಕೈಯಲ್ಲಿ ಅಂಟು ಸವರಿದ ಕಡ್ಡಿಗಳು. ಹಿತ್ತಲಿಗೆ ಮನೆಯೊಳಗಿನಿಂದಲ್ಲದೆ ಬೇರೆ ದಾರಿಯಿಲ್ಲ.

"ಎರಡ ದಿನದ ಮಾತವ್ವ. ಓಣಿಗೆಲ್ಲಾ ಒಳ್ಳೇದಾಗತೈತಿ."

"ಹಕ್ಕಿಗೇನಾಗತೈತ್ರೀ ಯಜಮಾನ್ರ?"

"ಹಬ್ಬದಾಗ ಅಡ್ಡ ಮಾತಾಡಬ್ಯಾಡ. ಒಬ್ಬಾಕಿ ಹೆಣ್ಣಮಗಳು ಅದೀ. ಹಬ್ಬದ ದಿನ ನಿನ್ನ ಮನಿಗೆ ಯಾರೂ ಬನ್ನಿ ಕೊಡಾಕ ಬರಾಂಗಿಲ್ಲ ನೋಡು."

ಕೇಳುವವರಿಗೆ ಇದು ಸಣ್ಣ ಮಾತು ಅನ್ನಿಸಬಹುದು. ನಮ್ಮ ಕಡೆ ಬನ್ನಿ ಕೊಡದಿದ್ದರೆ ಮಾತು ಬಿಟ್ಟಂತೆಯೇ. ಜಗಳವಾಡಿದವರು ಕೂಡ ಆ ದಿನ ಬನ್ನಿ ಕೊಟ್ಟು ಒಂದಾಗುತ್ತಾರೆ. ಮಕ್ಕಳಿಲ್ಲದ ಮೂಕಮ್ಮನಿಗೆ ಓಣಿಯೇ ಬಳಗ. ಆದರೂ ಬಾಗಿಲಿಗೆ ಅಡ್ಡ ಹಿಡಿದ ಕೈ ತೆಗೆಯಲಿಲ್ಲ.

"ಬರಬ್ಯಾಡ್ರಿ," ಅಂದಳು. "ಕಡ್ಡಿ ಹಿಡಕೊಂಡು ಒಳಗ ಕಾಲಿಟ್ರ ಅರಣ್ಯದೋರಿಗೆ ಫೋನ್ ಮಾಡ್ತೀನಿ. ನಂಬರ್ ಬರಕೊಂಡೀನಿ."

ದಸರಾ ದಿನ ಅವಳು ಬನ್ನಿಮರಕ್ಕೆ ಹೋಗಲಿಲ್ಲ. ಹೋದರೆ ಮನೆ ಕಾಯುವವರು ಯಾರು? ಮುಂಬಾಗಿಲ ಚಿಲಕ ಹಾಕಿ ಹಿತ್ತಲ ಮೆಟ್ಟಿಲ ಮೇಲೆ ಸೂಜಿ ಹಿಡಿದು ಕೂತಳು. ಮಧ್ಯಾಹ್ನ ದಾಟಿದ ಮೇಲೆ ಓಣಿಯಲ್ಲಿ "ಬನ್ನಿ ತಗೊಂಡು ಬಂಗಾರದಂಗ ಇರೋಣ" ಎಂಬ ಮಾತು ಮನೆಯಿಂದ ಮನೆಗೆ ದಾಟುತ್ತಾ ಬಂತು. ಪಕ್ಕೀರಮ್ಮನ ಬಾಗಿಲವರೆಗೂ ಬಂತು. ಇವಳ ಬಾಗಿಲನ್ನು ಬಿಟ್ಟು ಮುಂದೆ ಹೋಯಿತು. ಮೂಕಮ್ಮ ಅತ್ತಳು. ಅಳುತ್ತಲೇ ಟಾಕು ಹಾಕಿದಳು, ಬೆರಳಿಗೆ ಎರಡು ಸಲ ಚುಚ್ಚಿಕೊಂಡಳು. ಬಾಗಿಲು ತೆರೆಯಬೇಕೆಂದು ಮಾತ್ರ ಒಮ್ಮೆಯೂ ಅನ್ನಿಸಲಿಲ್ಲ.

ಹೊತ್ತು ಇಳಿಯುವಾಗ ಬಾಗಿಲು ಬಡಿದ ಸದ್ದು. ಮರಿಬಸಪ್ಪ. ದೂರದ ರೂಪನಗುಡಿಯ ಹೊಲಗಳವರೆಗೂ ಹುಡುಕಿಸಿದರೂ ಹಕ್ಕಿ ಸಿಕ್ಕಿರಲಿಲ್ಲ, ಕೈಯಲ್ಲಿ ಖಾಲಿ ಪಂಜರ. ನಲವತ್ತು ವರ್ಷದಲ್ಲಿ ಒಂದು ದಸರಾ ಕೂಡ ಪಾಲಪಿಟ್ಟ ನೋಡದೆ ಕಳೆದವನಲ್ಲ. ಹೊತ್ತು ಮುಳುಗಲು ಅರ್ಧ ಗಂಟೆ ಇತ್ತು.

"ಬರೀ ನೋಡತೀನಿ," ಅಂದ. ದನಿಯಲ್ಲಿ ಮೊದಲಿನ ಗತ್ತಿರಲಿಲ್ಲ.

"ಪಂಜರ ಹೊರಗ ಇಟ್ಟು ಬರ್ರಿ."

ಇಡೀ ಓಣಿ ಕಟ್ಟೆಗಳ ಮೇಲೆ ಕೂತು ನೋಡುತ್ತಿತ್ತು. ಮರಿಬಸಪ್ಪ ಒಮ್ಮೆ ಅವರತ್ತ ತಿರುಗಿ ನೋಡಿದ. ಆಮೇಲೆ ಪಂಜರವನ್ನು ಕಟ್ಟೆಯ ಮೇಲಿಟ್ಟು, ಚಪ್ಪಲಿ ಬಿಟ್ಟು ಒಳಗೆ ಬಂದ.

ಹಕ್ಕಿ ಒಣ ಟೊಂಗೆಯ ಮೇಲೆ ಮಣ್ಣಿನ ಹೆಂಟೆಯಂತೆ ಕೂತಿತ್ತು. ಮುದುಕ ಎರಡೂ ಕೈ ಜೋಡಿಸಲು ಹೋದ.

"ತಡೀರಿ," ಅಂದಳು ಮೂಕಮ್ಮ. "ನೀವಿನ್ನೂ ನೋಡಿಲ್ಲ."

ಅಷ್ಟು ಹೊತ್ತು ಅಲುಗದೆ ನಿಲ್ಲುವುದು ಅವನಿಗೆ ರೂಢಿಯಿರಲಿಲ್ಲ, ಆದರೂ ನಿಂತ. ಬದನೆ ಗಿಡದ ಬುಡದಲ್ಲಿ ಮಿಡತೆಯೊಂದು ಹಾರಿತು. ಹಕ್ಕಿ ಟೊಂಗೆ ಬಿಟ್ಟು ಎರಡೂ ರೆಕ್ಕೆ ಬಿಚ್ಚಿ ಅವರ ಮುಂದೆಯೇ ಕೆಳಗಿಳಿದು, ಮಿಡತೆ ಕಚ್ಚಿಕೊಂಡು ಗೋಡೆಯಾಚೆ ಹೋಯಿತು.

ಮರಿಬಸಪ್ಪ ಕೈ ಮುಗಿಯುವುದನ್ನೇ ಮರೆತ.

"ಇಷ್ಟು ನೀಲಿ ಐತೇನವ್ವ ಇದು?"

"ಮೊದಲಿಂದ್ಲೂ ಐತ್ರಿ," ಅಂದಳು ಮೂಕಮ್ಮ. "ನೀವ ಬಿಚ್ಚಾಕ ಬಿಟ್ಟಿಲ್ಲ."