ಒಂದೇ ಸಲ ಒತ್ತಬೇಕಾದ ಗುಂಡಿ

ಒಬ್ಬ ಮನುಷ್ಯ ನಮ್ಮ ಮನೆಯ ಗೋಡೆಗೆ ಎಣ್ಣೆ ಕುಡಿಸುತ್ತಿದ್ದ. ಮುಂದೆ ಟ್ಯಾಂಕರ್ ಲಾರಿ. ಅದರಿಂದ ಹೊರಟ ದಪ್ಪ ಪೈಪು ಗೋಡೆಯಿಂದ ಚಾಚಿದ್ದ ಕೊಳವೆಯೊಳಗೆ. ಎಣ್ಣೆ ಇಳಿಯುವಷ್ಟು ಹೊತ್ತೂ ಗೋಡೆ ಸಿಳ್ಳೆ ಹೊಡೆಯುತ್ತಿತ್ತು. ಸಿಳ್ಳೆ ನಿಂತದ್ದೇ ಪೈಪು ಸುತ್ತಿಕೊಂಡು, ಬಾಗಿಲಿಗೊಂದು ಚೀಟಿ ಸಿಕ್ಕಿಸಿ ಹೊರಟೇಹೋದ. ಒಂದು ಮಾತಿಲ್ಲ. ಮೈಸೂರಿನಲ್ಲಿ ಸೀಮೆಎಣ್ಣೆಗೆ ಕ್ಯಾನ್ ಹಿಡಿದು ನಿಂತು, ಅಂಗಡಿಯವನ ಜೊತೆ ಅಳತೆಗಾಗಿ ವಾದಿಸಿ ಗೆದ್ದವಳು ನಾನು. ಇಲ್ಲಿ ವಾದಕ್ಕೆ ಎದುರಾಳಿಯೇ ಇರಲಿಲ್ಲ.

ವರ್ಜೀನಿಯಾದ ಸ್ಟರ್ಲಿಂಗ್‌ಗೆ ಬಂದು ಆಗ ಮೂರು ವಾರ. ಹರ್ನ್‌ಡನ್‌ನ ಕ್ಲಿನಿಕ್ಕೊಂದರಲ್ಲಿ ಫಿಸಿಯೋಥೆರಪಿ ಕೆಲಸ. ಧಾರವಾಡದ ಶೈಲಕ್ಕ ಮತ್ತು ಅವರ ಗಂಡ ಬಾಡಿಗೆಗೆ ಹಿಡಿದಿದ್ದ ಹಳೆಯ ಮನೆಯಲ್ಲಿ ನನಗೊಂದು ಕೋಣೆ. ಗಂಡ ವಾಷಿಂಗ್ಟನ್ನಿನ ಆಸ್ಪತ್ರೆಯಲ್ಲಿ ಡಾಕ್ಟರು. ಅವರ ಪೇಜರ್ ನಂಬರು ನನಗೆ ಅವರ ಮುಖಕ್ಕಿಂತ ಚೆನ್ನಾಗಿ ಗೊತ್ತಿತ್ತು. ಮನೆಯಲ್ಲಿ ದಿನವಿಡೀ ಇರುತ್ತಿದ್ದವರು ಅಕ್ಕ ಮತ್ತು ಅವರ ಎರಡು ತಿಂಗಳ ಮಗಳು.

ಇಲ್ಲಿ ಮನೆಯ ಬೆಂಕಿ ಅಡುಗೆಮನೆಯಲ್ಲಿರುವುದಿಲ್ಲ, ಬೇಸ್‌ಮೆಂಟಿನಲ್ಲಿರುತ್ತದೆ. ಅಂದರೆ ನೆಲದಡಿಯ ಕೋಣೆಯಲ್ಲಿ. ಅಲ್ಲಿ ಗೋಡೆಯ ಕೊಳವೆಯಿಂದ ಇಳಿದ ಎಣ್ಣೆ ತುಂಬುವ ಟ್ಯಾಂಕು, ಪಕ್ಕದಲ್ಲಿ ಬೀರುವಿನಷ್ಟು ದೊಡ್ಡ ಫರ್ನೆಸ್. ಅದರ ಬುಡದಲ್ಲಿರುವ ಬರ್ನರ್ ಎಣ್ಣೆಯನ್ನು ತುಂತುರಾಗಿ ಚಿಮ್ಮಿಸಿ ಕಿಡಿಯಿಂದ ಹೊತ್ತಿಸುತ್ತದೆ, ಬಿಸಿಗಾಳಿ ನೆಲದ ಜಾಲರಿಗಳಿಂದ ಮೇಲೇಳುತ್ತದೆ. ನಮ್ಮೂರಿನಲ್ಲಿ ಚಳಿಯಾದರೆ ಮನುಷ್ಯರಿಗೆ ಸ್ವೆಟರು ಹಾಕುತ್ತೇವೆ. ಇವರು ಇಡೀ ಮನೆಯನ್ನೇ ಕಾಯಿಸುತ್ತಾರೆ.

ಮನೆಯ ಮಾಲೀಕರು ಪಕ್ಕದಲ್ಲೇ ಇದ್ದ ಅರ್ಲ್. ಜೀವನವಿಡೀ ಇಂಥವೇ ಬರ್ನರ್‌ಗಳನ್ನು ರಿಪೇರಿ ಮಾಡಿ ನಿವೃತ್ತರಾದ ಮುದುಕರು. ಫರ್ನೆಸ್ಸಿನ ಮೇಲೆ ಅವರದೊಂದು ಕಾರ್ಡು ಅಂಟಿಸಿತ್ತು: ಟ್ಯಾಂಕಿನಲ್ಲಿ ಎಣ್ಣೆ ನೋಡು. ವಾಲ್ವ್ ತೆರೆದಿದೆಯೇ ನೋಡು. ಮೆಟ್ಟಿಲ ತುದಿಯ ಕೆಂಪು ಸ್ವಿಚ್ ಹಾಕು. ಹೊತ್ತಿಕೊಳ್ಳದಿದ್ದರೆ ಬರ್ನರ್ ಮೇಲಿನ ಕೆಂಪು ಗುಂಡಿಯನ್ನು ಒಂದೇ ಸಲ ಒತ್ತು. ಎರಡನೆಯ ಸಲ ಒತ್ತಬೇಡ, ನನ್ನನ್ನು ಕರೆ.

ಯಾಕೆ ಒಂದೇ ಸಲ? ಬರೆದಿರಲಿಲ್ಲ. ಕಾರಣ ಕೊಡದ ಆಜ್ಞೆ ಮೂಢನಂಬಿಕೆಯ ತಮ್ಮ ಎಂದು ಕಾಲೇಜಿನ ಚರ್ಚಾಸ್ಪರ್ಧೆಯಲ್ಲಿ ಚಪ್ಪಾಳೆ ಗಿಟ್ಟಿಸಿದವಳು ನಾನು.

ಆಯುಧಪೂಜೆಯ ದಿನ ಶೈಲಕ್ಕ ಕಾರಿನ ಜೊತೆ ಫರ್ನೆಸ್ಸಿಗೂ ಕುಂಕುಮವಿಟ್ಟು, ವಿಶ್ರಾಂತಿಯಿರಲಿ ಎಂದು ಸ್ವಿಚ್ ಆರಿಸಿದರು.

"ಅಕ್ಕ, ಈ ಡಬ್ಬಕ್ಕೂ ಪೂಜೆನಾ?"

"ಮದಲ ನಿನ್ನ ಬಾಯಿಗೆ ಮಾಡಬೇಕವಾ. ಅದೂ ಯಂತ್ರನ, ಒಂದ ದಿನಾ ಸುಮ್ಮನಿರೂದಿಲ್ಲ."

ಮರುದಿನ ಮಧ್ಯಾಹ್ನ ಚಳಿ ಏರಿತು. ರಾತ್ರಿ ಹಿಮ ಕಟ್ಟುತ್ತದೆಂದು ಟಿವಿಯಲ್ಲಿ ಹೇಳಿದರು. ಮಗುವಿನ ಪಾದ ಆಗಲೇ ತಣ್ಣಗಿತ್ತು. ಅದನ್ನು ಮೇಲೆ ಮಲಗಿಸಿ ಇಬ್ಬರೂ ಕೆಳಗಿಳಿದೆವು. ಸ್ವಿಚ್ ಹಾಕಿದರೆ ಫರ್ನೆಸ್ ಸ್ವಲ್ಪ ಹೊತ್ತು ಗುಂಯ್‌ಗುಟ್ಟಿ ಸುಮ್ಮನಾಯಿತು. ಗುಂಡಿ ಒತ್ತಿದೆ. ಮತ್ತೆ ಅದೇ. ಇನ್ನೊಮ್ಮೆ ಒತ್ತಿದೆ.

"ಏ, ಒಂದ ಸಲ ಅಂತ ಬರದಾರ!"

"ಯಾಕೆ ಅಂತ ಬರೆದಿದ್ದಾರಾ? ಪಂಪ್ ಸ್ಟವ್ ಮೊದಲನೇ ಸಲಕ್ಕೇ ಹತ್ತುತ್ತಾ ಅಕ್ಕ? ಪಿನ್ ಹಾಕಿ, ಪಂಪ್ ಹೊಡೆದು, ಇನ್ನೊಂದು ಕಡ್ಡಿ ಗೀರಲ್ವಾ? ಬಟನ್ ಇರೋದೇ ಪ್ರೆಸ್ ಮಾಡೋಕೆ."

ಮೂರನೆಯ ಸಲಕ್ಕೆ ಬೆರಳು ಚಾಚಿದಾಗ ಅಕ್ಕ ನನ್ನ ಮಣಿಕಟ್ಟು ಹಿಡಿದರು.

"ವಾದ ನೀನ ಗೆದ್ದಿ ಅಂತ ಇಟ್ಕೋ. ಕೈ ತಗಿ. ಮ್ಯಾಲ ನನ್ನ ಕೂಸು ಮಲಗೇದ."

ಅವರೇ ಹೋಗಿ ಅರ್ಲ್‌ರನ್ನು ಕರೆತಂದರು. ಅರ್ಲ್ ಮೊದಲು ಕೆಂಪು ಸ್ವಿಚ್ ಆರಿಸಿದರು. ಬಗ್ಗಿ, ಫರ್ನೆಸ್ಸಿನ ಪುಟ್ಟ ಇಣುಕುಕಿಂಡಿ ತೆರೆದು ಟಾರ್ಚ್ ಬಿಟ್ಟರು.

"ಎಷ್ಟು ಸಲ ಒತ್ತಿದೆ?"

"ಎರಡು."

ಅವರು ಟಾರ್ಚನ್ನು ನನ್ನ ಕೈಗಿತ್ತರು. ಬೆಂಕಿ ಇರಬೇಕಾದ ಜಾಗದಲ್ಲಿ ಎಣ್ಣೆ ಹೊಳೆಯುತ್ತಿತ್ತು.

"ಪ್ರತಿ ಸಲ ಒತ್ತಿದಾಗಲೂ ಇದು ಎಣ್ಣೆ ಚಿಮ್ಮುತ್ತದೆ. ಕಿಡಿ ಬರದಿದ್ದರೆ ಆ ಎಣ್ಣೆ ಇಲ್ಲೇ ನಿಲ್ಲುತ್ತದೆ. ಮುಂದಿನ ಸಲ ಕಿಡಿ ಬಂದಿದ್ದರೆ, ನಿಂತದ್ದೆಲ್ಲ ಒಟ್ಟಿಗೆ ಹತ್ತಿ ಈ ಬಾಗಿಲು ಹಾರಿ ಆ ಗೋಡೆಗೆ ಬಡಿಯುತ್ತಿತ್ತು. ನೀನು ನಡುವೆ ಇರುತ್ತಿದ್ದೆ."

"ಅದನ್ನು ಕಾರ್ಡಿನಲ್ಲಿ ಯಾಕೆ ಬರೆಯಲಿಲ್ಲ?" ಆದರೂ ಕೇಳಿದೆ.

"ಕಾರ್ಡು ಚಿಕ್ಕದು."

ಚರ್ಚಾಸ್ಪರ್ಧೆಯಲ್ಲಿ ಇಂಥ ಉತ್ತರಕ್ಕೆ ಅಂಕ ಕೊಡುವುದಿಲ್ಲ. ಆದರೆ ಪಂಪ್ ಸ್ಟವ್ವಿಗೆ ಕಡ್ಡಿ ಗೀರುವವಳು ಎಣ್ಣೆ ನಿಂತ ಬಟ್ಟಲನ್ನು ಕಣ್ಣಾರೆ ನೋಡುತ್ತಾಳೆ. ಇಲ್ಲಿ ನಾನು ಕತ್ತಲ ಪೆಟ್ಟಿಗೆಯೊಂದಿಗೆ ವಾದಿಸುತ್ತಿದ್ದೆ.

ಅರ್ಲ್ ಹಳೆಯ ಬಟ್ಟೆಗಳಿಂದ ಎಣ್ಣೆ ಹೀರಿ ತೆಗೆದರು. ಕಿಡಿ ಹಾರಿಸುವ ಲೋಹದ ಕಡ್ಡಿಗಳು ಸವೆದಿದ್ದವು, ಬದಲಿಸಿದರು. ಸಂಜೆಯಾಗುತ್ತ ಬಂದಿತ್ತು. "ಈಗ ನೀನು," ಎಂದರು. ಟ್ಯಾಂಕಿನ ಮಟ್ಟ ನೋಡಿದೆ, ವಾಲ್ವ್ ನೋಡಿದೆ, ಒಳಗೆ ಒಣಗಿದೆಯೇ ಎಂದು ಕಿಂಡಿಯಲ್ಲಿ ನೋಡಿ ಮುಚ್ಚಿದೆ, ಮೇಲೆ ಹೋಗಿ ಸ್ವಿಚ್ ಹಾಕಿ ಬಂದೆ. ಬದಿಗೆ ಸರಿದು ನಿಂತು ಒತ್ತಿದೆ. ಒಂದೇ ಸಲ. ಗುಂಯ್ ಎಂದದ್ದು ಭುಸ್ಸೆಂದು ಹೊತ್ತಿಕೊಂಡಿತು, ಸದ್ದು ನಿಲ್ಲಲಿಲ್ಲ. ನೆಲದ ಜಾಲರಿಯ ಬಳಿ ಕೈಯೊಡ್ಡಿ ಅಕ್ಕ ಮೇಲಿನಿಂದಲೇ ಕೂಗಿದರು: "ಬಿಸಿ ಬಂತವಾ! ನೋಡಿದಿ? ಕುಂಕುಮ ಕಾಪಾಡ್ತು!"

ಕುಂಕುಮಕ್ಕೆ ಅಷ್ಟು ಶಕ್ತಿಯಿದ್ದರೆ ಕಿಡಿ ಯಾಕೆ ಕೈಕೊಟ್ಟಿತು ಎಂದು ಕೇಳಬೇಕಿತ್ತು. ಆದರೆ ಕಾರಣ ಕೇಳದೆ ನನ್ನ ಕೈ ಹಿಡಿದವರು ಅವರು, ಕಾರಣವಿಲ್ಲವೆಂದು ಒತ್ತಿದವಳು ನಾನು. ಅಮ್ಮನ ಹತ್ತಾರು 'ಮಾಡಬಾರದು'ಗಳನ್ನು ನಾನು ವಾದದಲ್ಲಿ ಸೋಲಿಸಿದ್ದೇನೆ. ಅವುಗಳಲ್ಲಿ ಯಾವುದರ ಹಿಂದೆ ಎಣ್ಣೆ ನಿಂತಿತ್ತೋ, ಯಾವುದು ಬರೀ ಮಾತೋ? ಅವನ್ನು ಹೀಗೆ ಕಿಂಡಿ ತೆರೆದು ನೋಡಲು ಈಗ ನಾನು ಊರಿನಲ್ಲಿಲ್ಲ. ಇಲ್ಲಿಯ 'ಮಾಡಬಾರದು'ಗಳ ಕಿಂಡಿ ಎಲ್ಲಿದೆಯೋ ಗೊತ್ತಿಲ್ಲ.

ಮೆಟ್ಟಿಲ ಅರ್ಧಕ್ಕೆ ಬಂದಿದ್ದೆ. ಮೇಲಿಂದ ಅಕ್ಕ, ರೊಟ್ಟಿ ಆರ್ತಾವ ಬಾ ಎಂದರು. ಕೆಳಗಿಂದ ಅರ್ಲ್, ಜ್ವಾಲೆಯ ಬಣ್ಣ ಹೇಗಿರಬೇಕು ತೋರಿಸುತ್ತೇನೆ ಬಾ ಎಂದರು. "ಬಂದೆ," ಎಂದು ಕೂಗಿ, ಅಲ್ಲೇ ನಿಂತೆ.