ನೀಲವ್ವ ಯಾಕೆ ಕೊಡುತ್ತಿದ್ದಳು

ಬೆಳಿಗ್ಗೆ ಅಂಚೆಯಲ್ಲಿ ಒಂದು ನುಣುಪಾದ ಪುಸ್ತಿಕೆ ಬಂತು. ಯಾವುದೋ ಸಾರ್ವಜನಿಕ ನೀತಿ ಸಂಸ್ಥೆಯದು. ಪುಟಕ್ಕೊಬ್ಬ ದಾನಿ, ನಗುವ ಫೋಟೊ, ಕೆಳಗೆ ‘ನಾನೇಕೆ ಬೆಂಬಲಿಸುತ್ತೇನೆ’ ಎಂದು ಎರಡು ಸಾಲು. ಎಲ್ಲವೂ ಒಬ್ಬನೇ ಬರೆದಂತಿವೆ. ಆ ಒಬ್ಬನ ಪಾಡು ನನಗೆ ಗೊತ್ತು. ಒಂದು ಕಾಲಕ್ಕೆ ಅದು ನನ್ನ ಕೆಲಸವಾಗಿತ್ತು.

ಸಿಂದಗಿಯಲ್ಲಿ ಎಣ್ಣೆ ಗಾಣದ ಮೇಲಿನ ಎರಡು ಕೋಣೆಗಳಲ್ಲಿ ನಮ್ಮ ಅಧ್ಯಯನ ಕೇಂದ್ರವಿತ್ತು. (ಮೂರು ಕೋಣೆಗಳಿದ್ದವೋ ಏನೋ. ನನ್ನ ನೆನಪನ್ನು ಪೂರ್ತಿ ನಂಬಬೇಡಿ.) ಬಸ್ಸು, ನೀರು, ಶಾಲೆಗಳ ಬಗ್ಗೆ ಹಳ್ಳಿಯವರನ್ನು ಕೇಳಿ, ವರದಿ ಬರೆದು ಸರ್ಕಾರದ ಮುಂದಿಡುತ್ತಿದ್ದೆವು. ಕೆಲವು ತೊಗರಿ ವ್ಯಾಪಾರಿಗಳು, ನಿವೃತ್ತ ಮಾಸ್ತರರು ನಮ್ಮನ್ನು ಸಾಕುತ್ತಿದ್ದರು. ಮತ್ತೆ ಮೋರಟಗಿಯ ನೀಲವ್ವ. ರಾಶಿ ಮುಗಿದು ಜೋಳ ಮನೆಗೆ ಹೋಗುವ ಮೊದಲೇ ಕಣದಲ್ಲಿ ಬಡಿಗ, ಕಂಬಾರ, ಮಠದ ಪಾಲು ತೆಗೆದಿಡುವುದು ಈ ಕಡೆಯ ರೂಢಿ. ಆ ಸಾಲಿನಲ್ಲಿ ಅವಳು ನಮ್ಮ ಕೇಂದ್ರಕ್ಕೂ ಒಂದು ಪುಟ್ಟಿ ಜೋಳ ಇಡುತ್ತಿದ್ದಳು. ಖಾಲಿ ಚೀಲ ಹಿಡಿದು ಹೋಗುವವನು ನಾನು.

ನಮ್ಮ ಕೇಂದ್ರದ ದಾನಿಗಳ ಪುಸ್ತಿಕೆಗೆಂದು ಒಮ್ಮೆ ಅವಳನ್ನು ಕೇಳಿದೆ, ಯಾಕೆ ಕೊಡುತ್ತೀರಿ ಎಂದು.

“ಬಸ್ಸಿನ ಸಲುವಾಗಿ ಕೇಳಾಕ ಬಂದಿದ್ರಲ್ಲ, ನಾ ಅಂದದ್ದು ಹಂಗ ಬರಕೊಂಡ್ರಿ. ಹಂಗ ಬರಕೊಳ್ಳವರು ಇರಬೇಕು, ತಮ್ಮಾ. ಅದಕ್ಕ.”

ಸಂಜೆ ಬಸ್ಸಿಲ್ಲದೆ ಮೊಮ್ಮಗಳ ಶಾಲೆ ಬಿಡಿಸಿದ್ದನ್ನು ಆಕೆ ಹೇಳಿದ್ದಳು. ಆ ಮಾತು ವರದಿಯಲ್ಲಿ ಹಾಗೆಯೇ ಹೋಗಿತ್ತು; ಬಸ್ಸು ಬಂದಿತ್ತು. ಆದರೆ ಪುಸ್ತಿಕೆಗೆ ಇದು ಸಾಲದು ಅನ್ನಿಸಿತು. ಅವಳ ಫೋಟೊದ ಕೆಳಗೆ ಬರೆದೆ: ‘ಜನಪರ ನೀತಿಗಳಿಂದ ಗ್ರಾಮೀಣ ಭಾರತ ಸಬಲವಾಗಲಿ ಎಂಬುದೇ ನನ್ನ ಆಶಯ.’ ‘ಸಬಲ’ ಹೊಳೆದ ಖುಷಿಗೆ ಚಹಾ ತರಿಸಿಕೊಂಡು ಕುಡಿದೆ.

ಮುಂದಿನ ರಾಶಿಗೆ ಪುಸ್ತಿಕೆಯನ್ನು ನಾನೇ ಒಯ್ದೆ. ಮೊಮ್ಮಗಳು ಗಟ್ಟಿಯಾಗಿ ಓದಿದಳು.

“ಇದು ಯಾರ ಮಾತು?” ಎಂದಳು ನೀಲವ್ವ.

“ನಿಮ್ದ, ಅವ್ವಾ. ಸ್ವಲ್ಪ ತಿದ್ದೇನಿ.”

“ಹಂಗಾರ ಬಸ್ಸಿನ ಮಾತೂ ತಿದ್ದೇ ಬರಕೊಂಡಿದ್ರೇನು?”

ದನಿಯಲ್ಲಿ ಸಿಟ್ಟಿರಲಿಲ್ಲ. ಇತ್ತೇನೋ, ಇರಲಿಲ್ಲ ಎಂದುಕೊಳ್ಳುವುದು ನನಗೆ ಅನುಕೂಲ. ಆ ವರ್ಷವೂ ಚೀಲಕ್ಕೆ ಜೋಳ ಸುರಿದಳು. ಅವಳ ಬಸ್ಸಿನ ಮಾತು ಅಕ್ಷರ ಬದಲಾಗದೆ ಇದ್ದ ನೋಟ್‌ಬುಕ್ ನಮ್ಮ ಕಪಾಟಿನಲ್ಲಿತ್ತು. ತಂದು ಓದಿ ಹೇಳಿದ್ದರೆ ಸಾಕಿತ್ತು. ನಾಳೆ ಒಯ್ದರಾಯಿತು ಎಂದುಕೊಂಡೆ. ಮರುವರ್ಷ ನಾಚಿಕೆಯಿಂದ ಆ ಕಡೆ ಹೋಗಲೇ ಇಲ್ಲ. ಮುಂದೆ ಕೇಂದ್ರ ಮುಚ್ಚಿತು. ನೀಲವ್ವ ತೀರಿಕೊಂಡ ಸುದ್ದಿ ಇಂಡಿಗೆ ಹೋಗುವ ಬಸ್ಸಿನಲ್ಲಿ ಯಾರೋ ಹೇಳಿದರು. ಅವಳ ಬಾಯಲ್ಲಿ ಇನ್ನೊಮ್ಮೆ ‘ತಮ್ಮಾ’ ಎನ್ನಿಸಿಕೊಳ್ಳಬೇಕೆಂಬ ಆಸೆ ಈ ವಯಸ್ಸಿಗೂ ಹೋಗಿಲ್ಲ.

ಇವತ್ತು ಆ ಮೊಮ್ಮಗಳಿಗೆ ಫೋನು ಮಾಡಿದೆ. ಈಗ ದೇವರ ಹಿಪ್ಪರಗಿಯಲ್ಲಿ ಟೀಚರು. ಅಜ್ಜಿ ನನ್ನ ಬಗ್ಗೆ ಏನಾದರೂ ಅಂದಿದ್ದಳೇ ಎಂದು ಕೇಳಿದೆ.

“ಏನೂ ಅಂದಿಲ್ರಿ ಸರ್. ಮರುವರ್ಷನೂ ನಿಮ್ಮ ಪುಟ್ಟಿ ತಗದಿಟ್ಟಿದ್ಲು. ನೀವ ಬರಲಿಲ್ಲ.”

ಯಾಕೆ ಇಟ್ಟಳು ಎಂದೆ. ಗೊತ್ತಿಲ್ಲ ಎಂದಳು.

ಕೈಗೆ ಸಿಕ್ಕ ಕಾಗದದ ಮೇಲೆ ಅವಳ ಮಾತನ್ನೇ ಬರೆದುಕೊಂಡೆ: ‘ಗೊತ್ತಿಲ್ಲ.’ ಮುಂದೆ ಇನ್ನೊಂದು ಪದ ಸೇರಿಸಲು ಕೈ ಹೋಯಿತು. ಪೆನ್ನು ಮುಚ್ಚಿಟ್ಟೆ.