ಎತ್ತು ಹೂಡದ ಸೋಮವಾರ

ಹುಣಸಗಿಯಿಂದ ಸುರಪುರಕ್ಕೆ ಹೊರಟಿದ್ದ ಬಸ್ಸಿನಲ್ಲಿ ಎದುರು ಸೀಟಿನ ಹೆಂಗಸು ನನ್ನ ತೊಡೆಯ ಮೇಲಿದ್ದ ಮಗಳನ್ನೇ ದಿಟ್ಟಿಸುತ್ತಿದ್ದಳು. ಮಗಳಿಗೆ ಸೆರೆಬ್ರಲ್ ಪಾಲ್ಸಿ. ಕುತ್ತಿಗೆ ನಿಲ್ಲುವುದಿಲ್ಲ, ಕಾಲುಗಳು ಕತ್ತರಿಯಂತೆ ಹೆಣೆದುಕೊಳ್ಳುತ್ತವೆ. ಜನರ ನೋಟ ನನಗೆ ಸಾಕಾಗಿಹೋಗಿತ್ತು. "ಏನ್ ನೋಡಾಕತ್ತೀರಿ?" ಎಂದು ರೇಗಿದೆ.

ಆಕೆ ಎದ್ದು ಬಂದು ನನ್ನ ಪಕ್ಕದಲ್ಲೇ ಕೂತಳು. "ನನ್ನ ಮಗನೂ ಹಿಂಗ ಅದಾನ್ರಿ ಅಕ್ಕಾ. ನಮ್ಮಂಥ ತಾಯಂದ್ರು ಸೋಮವಾರ ನಮ್ಮ ಮನ್ಯಾಗ ಕೂಡ್ತೀವಿ. ಬರ್ರಿ."

ಸೋಮವಾರ ನಮ್ಮ ಕಡೆ ಎತ್ತು ಹೂಡುವುದಿಲ್ಲ. ಹೊಲದ ಕೆಲಸವಿಲ್ಲದ ಆ ದಿನವನ್ನೇ ಅವರು ಮಕ್ಕಳಿಗೆಂದು ಇಟ್ಟುಕೊಂಡಿದ್ದರು. ಹೋದೆ. ಕಾಲುವೆ ಪಕ್ಕದ ಆಕೆಯ ಅಂಗಳದಲ್ಲಿ ಕೌದಿ ಹಾಸಿ ಮಕ್ಕಳನ್ನು ಮಲಗಿಸಿದ್ದರು. ಅವರ ಕಾಲಿಗೆ ಎಣ್ಣೆ ತಿಕ್ಕುತ್ತಲೇ ಮಾತು: ಯಾವ ಡಾಕ್ಟರು ಚಲೋ, ಗಂಜಿ ನೆತ್ತಿಗೇರದಂತೆ ಹೇಗೆ ಕುಡಿಸಬೇಕು. ನಡುವೆ ಅತ್ತೆಯರ ಮೇಲಿನ ದೂರು, ಹೊಟ್ಟೆ ಹುಣ್ಣಾಗುವಷ್ಟು ನಗು. ನಾವು ನಕ್ಕಿದ್ದಕ್ಕೆ ಮಗಳೂ ಕೇಕೆ ಹಾಕಿದಳು. "ಏನಾಗೈತಿ ಇಕಿಗೆ?" ಎಂದು ಅಲ್ಲಿ ಯಾರೂ ಕೇಳಲಿಲ್ಲ. ಹೆಸರು ಕೇಳಿದರು.

ಈಗ ಬಸ್ಸು ಹತ್ತಿದರೆ ಎಲ್ಲರ ಮಕ್ಕಳನ್ನೂ ದಿಟ್ಟಿಸುವವಳು ನಾನೇ. ಸೋಮವಾರಕ್ಕೆ ಇನ್ನೊಬ್ಬ ತಾಯಿ ಸಿಗುತ್ತಾಳೇನೋ ಎಂದು.